ಸಭಾಭವನದ ಸ್ಲ್ಯಾಬ್ ವಿಷ್ಯ, ಚೌತಿಗೆ ಮುಂಚೆ ತೀರ್ಮಾನ ಆಗ್ಬೇಕು

ಮನೆ 14: ನಿನ್ನೆ ಸಭಾಭವನದ ಕೆಳಗೆ ಸ್ಕೂಟರ್ ತೆಗೀಲಿಕ್ಕೆ ಹೋದ್ರೆ ಸೀಟಿನ ಮೇಲೆ ಅಂಗೈಯಷ್ಟು ಕಾಂಕ್ರೀಟ್ ಚೂರು ಬಿದ್ದಿತ್ತು, ಮೇಲೆ ನೋಡಿದ್ರೆ ಸ್ಲ್ಯಾಬಿನ ರಾಡೇ ಕಾಣ್ತದೆ, ಕೋಲಲ್ಲಿ ಕೆರೆದ್ರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರ್ತದೆ. ಚೌತಿಗೆ ಮೇಲೆ ಎಷ್ಟು ಜನ ಸೇರ್ತೇವೆ ಯೋಚ್ನೆ ಮಾಡಿ.

ಮನೆ 7: ಪ್ರತೀ ಮಳೆಗಾಲ ಉದುರ್ತದೆ ಮಾರಾಯ್ರೆ. ಪ್ಲಾಸ್ಟರ್ ಹೊಡ್ಸಿದ್ರೆ ಆಯ್ತು.

ಮನೆ 22: ಪ್ಲಾಸ್ಟರ್ ಹೊಡೆದ್ರೆ ಒಳಗಿನ ತುಕ್ಕು ನಿಲ್ತದಾ? ಕಾರವಾರದ ಕಾಳಿ ನದಿ ಹಳೇ ಬ್ರಿಜ್ 2024ರ ಆಗಸ್ಟ್ 7ರ ನಡುರಾತ್ರಿ ಬೀಳೋ ತನಕ ಅದ್ರ ಮೇಲೂ ಲಾರಿ ಓಡಾಡ್ತಾನೇ ಇತ್ತು.

ಮನೆ 31: ಸ್ಲ್ಯಾಬ್ ಮೇಲೆ ನೀರು ನಿಲ್ಲಿಸಿ ನೋಡುವಾ? ನಮ್ಮ ಟೆರೇಸಿಗೆ ಮಾಡಿದ್ರು, ಎಂತದೂ ಆಗ್ಲಿಲ್ಲ.

ಮನೆ 9: ಅದು ಸೋರಿಕೆ ನೋಡೂದು. ಎರಡಿಂಚು ನೀರು ಅಂದ್ರೆ ಚದರ ಮೀಟರಿಗೆ 50 ಕಿಲೊ ಅಷ್ಟೇ. ಜನ ಸೇರೋ ಹಾಲಿಗೆ, ಕುರ್ಚಿ ಫಿಕ್ಸ್ ಮಾಡಿರದಿದ್ರೆ, ಕಟ್ಟಡ ಎಷ್ಟು ಭಾರ ಹೊರ್ಬೇಕು ಹೇಳೋ ಐಎಸ್ 875 ಮಾನಕದ ಪ್ರಕಾರ ಚದರ ಮೀಟರಿಗೆ 5 ಕಿಲೊನ್ಯೂಟನ್, ಸುಮಾರು 500 ಕಿಲೊ ಹಿಡೀಬೇಕು, ಲೋಡ್ ಟೆಸ್ಟಿಗೆ, ಅಂದ್ರೆ ಭಾರ ಹೇರಿ ನೋಡೂದಕ್ಕೆ, ಕಾಂಕ್ರೀಟಿನ ಮಾನಕ ಐಎಸ್ 456 ಕೇಳೂದು ಅದ್ರ ಒಂದೂಕಾಲು ಪಟ್ಟು, ಅಂದ್ರೆ ನೀರಲ್ಲೇ ಮಾಡಿದ್ರೂ ಎರಡಡಿ ಮೇಲೆ ನಿಲ್ಲಿಸ್ಬೇಕು. 24 ತಾಸು ಭಾರ ಇಟ್ಟು, ಕೆಳಗೆ ಡಯಲ್ ಗೇಜ್ (ಸಣ್ಣ ಬಾಗು ಅಳೆಯೋ ಮೀಟರ್) ಹಚ್ಚಿ ಎಷ್ಟು ಬಗ್ತು ನೋಡ್ತಾರೆ, ಭಾರ ತೆಗೆದ ಮೇಲೆ ಮತ್ತೆ 24 ತಾಸಲ್ಲಿ ಬಗ್ಗಿದ್ರಲ್ಲಿ ಮುಕ್ಕಾಲು ಪಾಲಾದ್ರೂ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ 72 ತಾಸು ಬಿಟ್ಟು ಇನ್ನೊಂದ್ಸಲ, ಆಗ ಶೇ. 80 ಆದ್ರೂ ವಾಪಸ್ ಬರ್ಬೇಕು. 4 ಮೀಟರ್ ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ಇರೋ ದೂರ), 125 ಎಂಎಂ ದಪ್ಪದ ಸ್ಲ್ಯಾಬ್ 5 ಎಂಎಂ ಒಳಗೆ ಬಗ್ಗಿದ್ರೆ ವಾಪಸ್ ಬಂದದ್ದು ಅಳೆಯೂದೂ ಬೇಡ.

ಮನೆ 31: ಹಾಗಾದ್ರೆ ಮರಳು ಚೀಲ ತರ್ಸುವಾ, ಹುಡುಗ್ರು ಅದಾರೆ.

ಮನೆ 9: ದಯವಿಟ್ಟು ಬೇಡ!! ರಾಡು ಸವೆದ ಸ್ಲ್ಯಾಬಿಗೆ ಅಷ್ಟು ಹೇರಿದ್ರೆ ಟೆಸ್ಟೇ ಬೀಳ್ಸಬಹುದು. ಮೊದ್ಲು ಸುತ್ತಿಗೇಲಿ ತಟ್ಟಿ ಟೊಳ್ಳು ಎಲ್ಲಿ ಅದೆ ಗುರುತು ಹಾಕ್ಲಿ, ಆಮೇಲೆ ಮೇಲ್ಮೈ ಗಟ್ಟಿ ನೋಡೋ ರಿಬೌಂಡ್ ಹ್ಯಾಮರ್, ಒಳಗೆ ಶಬ್ದದ ಅಲೆ ಹಾಯ್ಸಿ ನೋಡೋ ಅಲ್ಟ್ರಾಸಾನಿಕ್, ಬೇಕಿದ್ರೆ ಕೋರ್, ಅಂದ್ರೆ ಕಾಂಕ್ರೀಟ್ ತುಂಡು ಕೊರೆದು ತೆಗೆದು ಪರೀಕ್ಷೆ. ಕಾಂಕ್ರೀಟಿನ ಕ್ಷಾರ ಉಳಿದಲ್ಲಿ ಗುಲಾಬಿ ಆಗೋ ಫಿನಾಫ್ತಲೀನ್ ದ್ರಾವಣ ಹಾಕಿ ಗುಲಾಬಿ ಬಂತು ಹೇಳಿ ಖುಷಿಪಡ್ಬೇಡಿ, ನಮ್ಮದು ಕಡಲ ಬದಿ, ಉಪ್ಪು ಹೊಕ್ಕಿದ್ರೆ ಗುಲಾಬಿ ಬಂದಲ್ಲೂ ತುಕ್ಕು ಹಿಡೀತದೆ, ಕ್ಲೋರೈಡ್ (ಉಪ್ಪಿನ ಅಂಶ) ಬೇರೆ ನೋಡ್ಸಬೇಕು. ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ, ಆಮೇಲೂ ಅನುಮಾನ ಉಳಿದ್ರೆ ಮಾತ್ರ ಲೋಡ್ ಟೆಸ್ಟ್, ಅದೂ ಕೆಳಗೆ ಜಾಕಿ ಕೊಟ್ಟು. ಜಾಕಿ ಸ್ಲ್ಯಾಬಿಗೆ ತಾಗಿರ್ಬಾರದು, ಸ್ವಲ್ಪ ಸಂದಿ ಬಿಡ್ಬೇಕು, ತಾಗಿದ್ರೆ ಭಾರ ಅದೇ ಹೊತ್ತು ರೀಡಿಂಗ್ ಸುಳ್ಳಾಗ್ತದೆ. ಇಷ್ಟೆಲ್ಲ ಮಾಡಿದ್ರೂ ಆ ಒಂದು ಸ್ಲ್ಯಾಬ್ ವಿಷ್ಯ ಗೊತ್ತಾಗ್ತದೆ, ಕಂಬದ್ದಲ್ಲ.

ಮನೆ 14: ಖರ್ಚು?

ಮನೆ 9: ಎರಡು ಕಡೆ ಕೊಟೇಶನ್ ತರ್ಸುವಾ. ಅಲ್ಲಿವರೆಗೆ ಕೆಳಗೆ ಯಾರೂ ಹೋಗ್ದ ಹಾಗೆ ಹಗ್ಗ ಕಟ್ಟಿ, ಗಣಪತಿ ಕೂರ್ಸೂದು ಮೈದಾನದಲ್ಲಿ.

ಮನೆ 22: ಮಳೆ ಇರ್ತದೆ, ಪೆಂಡಾಲ್ ಹೇಳುವಾ. ಹಗ್ಗ ನಮ್ಮನೇಲಿ ಉಂಟು, ಸಂಜೆ ಐದಕ್ಕೆ ಯಾರಾದ್ರೂ ಬನ್ನಿ.

ಮನೆ 7: ನನ್ನ ಕಾರು ಎಲ್ಲಿಡೂದು ಮತ್ತೆ?

ಮನೆ 22: ನಿಮ್ಮ ಗೇಟಿನೊಳಗೆ.