ಮೊಟ್ಟೆಯ ಹಳದಿ ಭಾಗವನ್ನು ತೆಗೆದು ಹಾಕುವುದು ಸರಿಯೇ?

ಪ್ರಶ್ನೆ: ಕುಷ್ಟಗಿಯ ಗೃಹಿಣಿ

ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸಿದಾಗಲೆಲ್ಲ ಒಂದೇ ಚರ್ಚೆ ನಡೆಯುತ್ತದೆ. ನನ್ನ ಅತ್ತೆಗೆ 61 ವರ್ಷ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಹಳದಿಯಲ್ಲಿರುವ ಕೊಲೆಸ್ಟರಾಲ್ ಹೃದಯಕ್ಕೆ ಕೆಟ್ಟದ್ದೆಂದು ಯಾರೋ ಹೇಳಿದಂದಿನಿಂದ ಅವರು ತಮ್ಮ ತಟ್ಟೆಯ ಹಳದಿಯನ್ನಷ್ಟೇ ಅಲ್ಲ, ನಾಲ್ಕನೆಯ ತರಗತಿಯಲ್ಲಿ ಓದುವ ನನ್ನ ಮಗಳ ತಟ್ಟೆಯಲ್ಲಿರುವುದನ್ನೂ ತೆಗೆದು ಹಾಕುತ್ತಾರೆ. ಮಗಳಿಗೆ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಸಿಗುತ್ತದೆ. ಮನೆಯಲ್ಲಿ ಇನ್ನೊಂದು ಕೊಟ್ಟರೆ ಅತಿಯಾಗುತ್ತದೆಯೇ? ನಮ್ಮ ಕಡೆಯ ಬೇಸಿಗೆಯಲ್ಲಿ ಮೊಟ್ಟೆ ತಿಂದರೆ ಉಷ್ಣವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆಯೇ? ಜವಾರಿ ಕೋಳಿಯ ತತ್ತಿಗೆ ಫಾರಂ ಮೊಟ್ಟೆಗಿಂತ ಹೆಚ್ಚು ದರ ಕೊಡುವುದರಿಂದ ನಿಜವಾದ ಲಾಭವಿದೆಯೇ? ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಆಹಾರತಜ್ಞೆ, ಮೈಸೂರು

ಮೊದಲು ಮಗಳ ವಿಷಯ. ದಯವಿಟ್ಟು ಅವಳ ತಟ್ಟೆಯಿಂದ ಹಳದಿಯನ್ನು ತೆಗೆಯಲು ಬಿಡಬೇಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಅದರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲು ಹಳದಿಯಲ್ಲೇ ಇದೆ. ಎ ಮತ್ತು ಡಿ ಜೀವಸತ್ವಗಳು ಇರುವುದು ಹಳದಿಯಲ್ಲಿ. ಬಿ12ರ ಬಹುಪಾಲು, ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್, ಕಣ್ಣಿನ ಅಕ್ಷಿಪಟಲದಲ್ಲಿ ಸೇರಿಕೊಳ್ಳುವ ಲ್ಯೂಟಿನ್ ಇವೂ ಅಲ್ಲಿಯೇ ಇವೆ. ಬಿಳಿ ಭಾಗವನ್ನಷ್ಟೇ ಕೊಟ್ಟರೆ ಮಗುವಿಗೆ ಪ್ರೋಟೀನ್ ಒಂದಿಷ್ಟು ಸಿಗುತ್ತದೆ, ಮೊಟ್ಟೆಯ ಉಳಿದ ಪೋಷಣೆಯೆಲ್ಲ ತಿಪ್ಪೆ ಸೇರುತ್ತದೆ. ಬೆಳೆಯುವ ಆರೋಗ್ಯವಂತ ಮಗುವಿಗೆ ಶಾಲೆಯಲ್ಲೊಂದು, ಮನೆಯಲ್ಲೊಂದು ಮೊಟ್ಟೆ ಅತಿಯೇನಲ್ಲ. ಆದರೆ ಮೊಟ್ಟೆಯಲ್ಲಿ ನಾರಿನಂಶವಾಗಲಿ ಸಿ ಜೀವಸತ್ವವಾಗಲಿ ಇಲ್ಲ. ಅದರಲ್ಲಿರುವ ಕಬ್ಬಿಣವೂ ಫಾಸ್ವಿಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ರಕ್ತಹೀನತೆಗೆ ಮೊಟ್ಟೆಯೊಂದೇ ಮದ್ದು ಎಂದು ತಿಳಿಯದೆ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಒಂದು ಹೋಳು ನಿಂಬೆಯನ್ನು ಜೊತೆಗಿಡಿ.

ಕೊಲೆಸ್ಟರಾಲಿನ ಭಯ ಎಲ್ಲಿಂದ ಬಂತೆಂದು ಹೇಳಿದರೆ ನಿಮ್ಮ ಅತ್ತೆಯವರಿಗೆ ಒಪ್ಪಿಸುವುದು ಸುಲಭವಾದೀತು. ಅಮೆರಿಕದ ಹೃದಯ ಸಂಘವು 1968ರಲ್ಲಿ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ಬೇಡ, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದು ಸಲಹೆ ನೀಡಿತು. ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಇರುವುದರಿಂದ ಆ ಮಾತು ಜಗತ್ತಿನ ವೈದ್ಯರ ಬಾಯಲ್ಲೆಲ್ಲ ಉಳಿಯಿತು. ಆದರೆ ನಮ್ಮ ದೇಹದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ದೇಹವೇ, ಅದರಲ್ಲೂ ಮುಖ್ಯವಾಗಿ ಯಕೃತ್ತು, ತಯಾರಿಸುತ್ತದೆ. ಊಟದಿಂದ ಹೆಚ್ಚು ಬಂದಾಗ ಬಹಳಷ್ಟು ಜನರಲ್ಲಿ ಅದು ತನ್ನ ಉತ್ಪಾದನೆಯನ್ನು ಇಳಿಸಿಕೊಳ್ಳುತ್ತದೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಇದಕ್ಕಿಂತ ಹೆಚ್ಚು ಏರಿಸುವುದು ಡಾಲ್ಡಾ, ಬೆಣ್ಣೆ, ಬೇಕರಿ ತಿನಿಸು, ಮರುಮರಳಿ ಕಾಯಿಸಿದ ಎಣ್ಣೆಗಳಲ್ಲಿರುವ ಕೊಬ್ಬು. ಹೀಗಾಗಿಯೇ 2015ರ ಅಮೆರಿಕದ ಆಹಾರ ಮಾರ್ಗಸೂಚಿಯು 300 ಮಿಲಿಗ್ರಾಂ ಎಂಬ ಮಿತಿಯನ್ನು ಕೈಬಿಟ್ಟಿತು. 2019ರಲ್ಲಿ ಅದೇ ಹೃದಯ ಸಂಘವು ಆರೋಗ್ಯವಂತರು ದಿನಕ್ಕೊಂದು ಇಡೀ ಮೊಟ್ಟೆಯನ್ನು ಊಟದಲ್ಲಿ ಸೇರಿಸಿಕೊಳ್ಳಬಹುದೆಂದು ಹೇಳಿತು.

ನಿಮ್ಮ ಅತ್ತೆಯವರ ಸ್ಥಿತಿ ಮಾತ್ರ ಬೇರೆ. ಸಕ್ಕರೆ ಕಾಯಿಲೆಯಿರುವವರಲ್ಲಿ ಹೆಚ್ಚು ಮೊಟ್ಟೆ ತಿನ್ನುವುದಕ್ಕೂ ಹೃದಯದ ತೊಂದರೆಗೂ ನಂಟಿದೆಯೆಂದು ಕೆಲವು ಅಧ್ಯಯನಗಳು ತೋರಿಸಿವೆ, ಇನ್ನು ಕೆಲವು ಹಾಗೇನೂ ಇಲ್ಲ ಎನ್ನುತ್ತವೆ. ಆದ್ದರಿಂದ ಅವರ ಎಚ್ಚರಿಕೆಯನ್ನು ನಾನು ಮೂಢನಂಬಿಕೆ ಎನ್ನಲಾರೆ. ಅವರ ಎಚ್ಚರಿಕೆ ಅವರ ತಟ್ಟೆಗೆ ಸಲ್ಲಬೇಕು, ಮೊಮ್ಮಗಳ ತಟ್ಟೆಗಲ್ಲ.

ಉತ್ತರ 2: ಕೋಳಿ ಸಾಕಣೆಗಾರ, ಹೊಸಪೇಟೆ

ಇಪ್ಪತ್ತು ವರ್ಷಗಳಿಂದ ಈ ಕಸುಬಿನಲ್ಲಿರುವ ನಾನು ಜವಾರಿ ತತ್ತಿಯ ಬಗ್ಗೆ ಹೇಳಬಲ್ಲೆ. ಚಿಪ್ಪು ಕಂದೋ ಬಿಳಿಯೋ ಎಂಬುದು ಕೋಳಿಯ ತಳಿಗೆ ಸೇರಿದ್ದು, ಅದರಿಂದ ಪೋಷಣೆಯಲ್ಲಿ ಹೆಚ್ಚು ಕಡಿಮೆಯಾಗುವುದಿಲ್ಲ. ಹಳದಿಯ ಗಾಢ ಬಣ್ಣ ಬರುವುದು ಮೇವಿನಿಂದ. ಮೆಕ್ಕೆಜೋಳ, ಹಸಿರು ಸೊಪ್ಪು ತಿಂದ ಕೋಳಿಯ ಹಳದಿ ಕೇಸರಿಯ ಕಡೆಗೆ ತಿರುಗುತ್ತದೆ. ಬಯಲಲ್ಲಿ ಮೇಯುವ ಜವಾರಿ ಕೋಳಿಯ ತತ್ತಿಗೆ ರುಚಿ ಹೆಚ್ಚೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ಜವಾರಿ ತತ್ತಿಯ ದರದಲ್ಲಿ ಎರಡು ಫಾರಂ ಮೊಟ್ಟೆ ಬರುವುದಾದರೆ, ಬೆಳೆಯುವ ಮಗುವಿಗೆ ಆ ಎರಡನ್ನು ಕೊಡುವುದೇ ಲೇಸು.

ಬೇಸಿಗೆಯಲ್ಲಿ ನನಗೆ ಚಿಂತೆಯಿರುವುದು ಮೊಟ್ಟೆ ಕೆಡುವುದರ ಬಗ್ಗೆ. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ತೇವ ಆರುತ್ತಾ ಹೋದಂತೆ ದಪ್ಪ ತುದಿಯಲ್ಲಿರುವ ಗಾಳಿಯ ಚೀಲ ಹಿಗ್ಗುತ್ತದೆ, ಹಾಗಾಗಿ ಹಳೆಯ ಮೊಟ್ಟೆ ನೀರಿನಲ್ಲಿ ತೇಲುತ್ತದೆ, ಹೊಸತು ಮುಳುಗಿ ತಳದಲ್ಲಿ ಅಡ್ಡ ಮಲಗುತ್ತದೆ. ನಿಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಒಂದು ಟ್ರೇ ತಂದಿಡುವ ಬದಲು ಐದಾರು ಮೊಟ್ಟೆಗಳನ್ನು ತನ್ನಿ, ಚಿಪ್ಪು ಬಿರುಕು ಬಿಟ್ಟದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬೇಯಿಸಿದ ಹಳದಿಯ ಸುತ್ತ ಕೆಲವೊಮ್ಮೆ ಹಸಿರು ಬಣ್ಣದ ಪೊರೆ ಕಾಣುತ್ತದೆ. ಅದು ವಿಷವೆಂದೇ ಅತ್ತೆ ನಂಬಿದ್ದಾರೆ. ಜೊತೆಗೆ, ಗರಡಿಮನೆಗೆ ಹೋಗುವ ನನ್ನ ಮೈದುನ ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದುಕೊಂಡು ಕುಡಿಯುತ್ತಾನೆ, ಬೇಯಿಸಿದರೆ ಸತ್ವ ಹೋಗುತ್ತದೆ ಎನ್ನುತ್ತಾನೆ.

ಉತ್ತರ 3: ನಿವೃತ್ತ ವಿಜ್ಞಾನ ಶಿಕ್ಷಕ, ಗದಗ

ಹಸಿರು ಪೊರೆ ವಿಷವಲ್ಲ. ಹೆಚ್ಚು ಹೊತ್ತು ಕುದಿಸಿದಾಗ ಬಿಳಿ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಐರನ್ ಸಲ್ಫೈಡ್ ಆಗುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಒಲೆ ಆರಿಸಿ, ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಆ ಬಣ್ಣ ಬರುವುದಿಲ್ಲ. ನಿಮ್ಮ ಮೈದುನನ ನಂಬಿಕೆ ಮಾತ್ರ ತಲೆಕೆಳಗು. 1998ರಲ್ಲಿ ಪ್ರಕಟವಾದ ಬೆಲ್ಜಿಯಂನ ಅಧ್ಯಯನವೊಂದರಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನಿನ ಸುಮಾರು ಶೇ 91 ಭಾಗ ಜೀರ್ಣವಾದರೆ, ಹಸಿಯದರಲ್ಲಿ ಶೇ 51 ಮಾತ್ರ ಜೀರ್ಣವಾಯಿತು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಅಪಾಯವೂ ಇದ್ದೇ ಇದೆ. ಪೈಲ್ವಾನರು ಬೇಯಿಸಿ ತಿನ್ನಲಿ ಎಂದೇ ನನ್ನ ಒತ್ತಾಯ.

ಶಾಲೆಯ ಮೊಟ್ಟೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. 2021ರ ಡಿಸೆಂಬರಿನಲ್ಲಿ ಈ ಯೋಜನೆ ಮೊದಲು ಆರಂಭವಾದದ್ದು ನಿಮ್ಮ ಕೊಪ್ಪಳವೂ ಸೇರಿದಂತೆ ಮಕ್ಕಳ ಅಪೌಷ್ಟಿಕತೆ ತೀವ್ರವಾಗಿದ್ದ ಜಿಲ್ಲೆಗಳಲ್ಲಿ. ಆಗ ವಿರೋಧ ಬಂದಿತ್ತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡೂ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ಅದು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಮಧ್ಯಾಹ್ನದ ಊಟಕ್ಕೆಂದೇ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಪಾಠ ಹೇಳಿದವನು ನಾನು. ತಟ್ಟೆಯಲ್ಲಿ ಒಂದು ಇಡೀ ಮೊಟ್ಟೆ ಬಿದ್ದಾಗ ಅವರ ಮುಖ ಹೇಗಿದ್ದೀತೆಂದು ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಅರ್ಧವನ್ನು ಮನೆಯಲ್ಲಿ ಭಯದಿಂದ ಎಸೆಯುತ್ತಾರೆಂದು ಓದಿ ನಿಜಕ್ಕೂ ಬೇಸರವಾಯಿತು.

ಉತ್ತರ 4: ಆಹಾರತಜ್ಞೆ, ಮೈಸೂರು

ಉಷ್ಣದ ಪ್ರಶ್ನೆಗೆ ಉತ್ತರಿಸಲು ಮರೆತಿದ್ದೆ. ಯಾವ ಪ್ರೋಟೀನ್ ತಿಂದರೂ ಅದನ್ನು ಜೀರ್ಣಿಸುವಾಗ ದೇಹ ಸ್ವಲ್ಪ ಹೆಚ್ಚು ಶಾಖ ಉಂಟುಮಾಡುತ್ತದೆ. ಒಂದು ಮೊಟ್ಟೆಯಿಂದಾಗುವುದು ತೀರಾ ಅಲ್ಪ. ಮಗಳು ಸಾಕಷ್ಟು ನೀರು, ಮಜ್ಜಿಗೆ ಕುಡಿಯುತ್ತಿದ್ದರೆ ಬೇಸಿಗೆಯಲ್ಲಿಯೂ ಮೊಟ್ಟೆ ನಿಲ್ಲಿಸಬೇಕಾಗಿಲ್ಲ. ಮೊಟ್ಟೆ ತಿಂದಾಗ ಮೈಮೇಲೆ ದದ್ದು, ತುಟಿ ಊದುವುದು, ವಾಂತಿ ಕಂಡರೆ ಅದು ಅಲರ್ಜಿ ಇರಬಹುದು, ಆಗ ವೈದ್ಯರಿಗೆ ತೋರಿಸಲೇಬೇಕು.

ಅತ್ತೆಯವರಿಗೆ ಹೀಗೆ ಮಾಡಿ. ಮುಂದಿನ ಬಾರಿ ಸಕ್ಕರೆ ಪರೀಕ್ಷೆಗೆ ಹೋದಾಗ ರಕ್ತದ ಕೊಬ್ಬು ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿ. ಆ ವರದಿ ನೋಡಿ ವಾರಕ್ಕೆ ಎಷ್ಟು ಹಳದಿ ಸರಿ ಎಂದು ಅವರ ವೈದ್ಯರೇ ಹೇಳಲಿ. ಅಲ್ಲಿಯವರೆಗೆ ವಾರಕ್ಕೆ ಮೂರು ನಾಲ್ಕು ಇಡೀ ಮೊಟ್ಟೆಗಳಿಗೆ ಸೀಮಿತಗೊಳಿಸಿ, ಎಣ್ಣೆಯಲ್ಲಿ ಕರಿಯದೆ ಬೇಯಿಸಿ ಕೊಡಿ.

ಪ್ರಶ್ನೆ ಕೇಳಿದವರು

ಈ ಉತ್ತರಗಳನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಪರೀಕ್ಷೆ ಮಾಡಿಸಲು ಒಪ್ಪಿದ್ದಾರೆ. ಇವತ್ತು ಮಗಳ ತಟ್ಟೆಯ ಹಳದಿಯನ್ನು ಅವರು ಮುಟ್ಟಲಿಲ್ಲ.