ಮೊದಲ ಸಲ ಚಿಲ್ಲಿ: ಎಲ್ಲ ಒಟ್ಟಿಗೆ ಸ್ಲೋ ಕುಕ್ಕರಿಗೆ ಹಾಕಬಹುದಾ?

ಪ್ರಶ್ನೆ:
ಚಿಲ್ಲಿ (ಖೈಮಾ, ರಾಜ್ಮಾ ಹಾಕಿ ಮಾಡೋ ಅಮೆರಿಕದ ಗಟ್ಟಿ ಸಾರು) ಮಾಡೋಕೆ 1 ಕೆಜಿ ಬೀಫ್ ಖೈಮಾ, 250 ಗ್ರಾಂ ಒಣ ರಾಜ್ಮಾ, 4 ಟೊಮ್ಯಾಟೊ, 2 ಈರುಳ್ಳಿ ಇದೆ. ಎಲ್ಲ ಒಟ್ಟಿಗೆ ಸ್ಲೋ ಕುಕ್ಕರಿಗೆ (ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸೋ ಕರೆಂಟ್ ಪಾತ್ರೆ) ಹಾಕಿಬಿಟ್ಟರೆ ಆಗುತ್ತಾ? ರೆಸಿಪಿಯಲ್ಲಿ 3 ಟೇಬಲ್ ಚಮಚ ಚಿಲ್ಲಿ ಪೌಡರ್ ಅಂತಿದೆ, ಅಷ್ಟು ಖಾರ ತಿನ್ನೋಕಾಗುತ್ತಾ?

ಕಾಳುಮೆಣಸು ಅವರ ಉತ್ತರ:
ಖಂಡಿತ ಬೇಡ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ವಿಷಾಂಶ ಇರುತ್ತೆ. ಸ್ಲೋ ಕುಕ್ಕರಿನ ಶಾಖಕ್ಕೆ ಅದು ಹೋಗಲ್ಲ, ವಾಂತಿ-ಭೇದಿ ಹಿಡಿಯಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗೋವರೆಗೆ ಬೇಯಿಸಿ. ಟೊಮ್ಯಾಟೊ ಆಮೇಲೇ, ಮೊದಲೇ ಹುಳಿ ಬಿದ್ದರೆ ಕಾಳು ಬೇಗ ಬೇಯಲ್ಲ.

ಸೌಟು ಅವರ ಉತ್ತರ:
ರೆಸಿಪಿಯ ಚಿಲ್ಲಿ ಪೌಡರ್ ಬರೀ ಮೆಣಸಿನದಲ್ಲ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ ಬೆರೆಸಿದ್ದು. ಅಚ್ಚಖಾರದ ಪುಡಿಯಾದರೆ 2 ಟೀ ಚಮಚ ಸಾಕು, ಜೊತೆಗೆ ಜೀರಿಗೆ ಪುಡಿ 1 ಟೇಬಲ್ ಚಮಚ, ಓರೆಗಾನೊ 1 ಟೀ ಚಮಚ.

ಖೈಮಾ ಮೂರು ಸಲಕ್ಕೆ ಹಂಚಿ, ದೊಡ್ಡ ಉರಿಯಲ್ಲಿ ಹುರಿಯಿರಿ. ಚಟಚಟ ಸದ್ದು ನಿಂತು ತಳದಲ್ಲಿ ನೀರು ಕುದಿಯೋಕೆ ಶುರುವಾದರೆ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ. ಮಾಂಸ ಕಂದಾಗದೆ ಬೂದು ಬಣ್ಣಕ್ಕೆ ಬೇಯುತ್ತೆ, ರುಚಿ ಅಲ್ಲೇ ಹೋಯ್ತು. ಈರುಳ್ಳಿ ಬಾಡಿದ ಮೇಲೆ ಪುಡಿಗಳನ್ನು ಅರ್ಧ ನಿಮಿಷ ಹುರಿದರೆ ಸಾಕು, ಸೀದರೆ ಕಹಿ.

ಕಾಳುಮೆಣಸು:
ಎಲ್ಲ ಸೇರಿಸಿದ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆಯಾದರೂ ಬೇಕು. ತೆಳ್ಳಗಿದ್ದರೆ ಮುಚ್ಚಳ ತೆಗೆದು ಬತ್ತಿಸಿ, ಒಂದು ಹಿಡಿ ರಾಜ್ಮಾ ಕಿವುಚಿ ಹಾಕಿ. (ಟೆಕ್ಸಾಸ್‌ ಶೈಲಿಯಲ್ಲಿ ಕಾಳೇ ಹಾಕಲ್ಲ, ಅದು ಬೇರೆ ಜಗಳ.) ಉಪ್ಪು ಕೊನೆಗೆ ಸರಿಮಾಡಿ, ಬತ್ತಿದಷ್ಟೂ ಅದು ಏರುತ್ತೆ.