ಪದಚರ್ಚೆ: ಏರ್ ಫಿಲ್ಟರ್ 'ಒರಿಜಿನಲ್' ಅಥವಾ 'ಆಫ್ಟರ್‌ಮಾರ್ಕೆಟ್', ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೆ, ಕಾರು ದುರಸ್ತಿಯ ಗ್ಯಾರೇಜೊಂದಕ್ಕಾಗಿ ಎರಡು ಪುಟದ ಕರಪತ್ರವನ್ನು ಅನುವಾದಿಸುತ್ತಿದ್ದೇನೆ. ಎಂಜಿನ್ನಿನ ಏರ್ ಫಿಲ್ಟರ್ ಬದಲಿಸುವಾಗ ಕಾರು ಕಂಪನಿಯ ಹೆಸರಿನ ಒರಿಜಿನಲ್ ಹಾಕಿಸಬೇಕೇ, ಬೇರೆಯವರು ಮಾರುವ ಆಫ್ಟರ್‌ಮಾರ್ಕೆಟ್ ಸಾಕೇ ಎಂಬುದು ಅದರ ವಿಷಯ. ಸದ್ಯಕ್ಕೆ 'ಅಸಲಿ ಗಾಳಿ ಶೋಧಕ' ಮತ್ತು 'ಮಾರಾಟೋತ್ತರ ಗಾಳಿ ಶೋಧಕ' ಎಂದು ಬರೆದಿದ್ದೇನೆ. ಇವೇ ಪದಗಳು ಗ್ಯಾರೇಜಿನ ಗೋಡೆಯ ಫ್ಲೆಕ್ಸಿನಲ್ಲೂ ಬರಲಿದ್ದು, ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಾಗಿದೆ. ಸರಿಯೇ ಎಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಎರಡೂ ಸರಿಯಿಲ್ಲ. 'ಮಾರಾಟೋತ್ತರ' ಎಂಬುದು ಸೇವೆಗೆ ಹೊಂದುವ ವಿಶೇಷಣ, ವಸ್ತುವಿಗಲ್ಲ. 'ಗಾಳಿ ಶೋಧಕ' ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸ. ಸಾಲದೆಂಬಂತೆ, ಗಾಳಿಯನ್ನು ಹುಡುಕಿಕೊಂಡು ಹೊರಟವನು ಎಂಬ ಅರ್ಥವನ್ನೂ ಕೊಡುತ್ತದೆ. ಅದರ ತಲೆಯ ಮೇಲೆ ಅರಬ್ಬಿಯ 'ಅಸ್ಲ್'ನಿಂದ ಬಂದ 'ಅಸಲಿ'ಯನ್ನು ಕೂರಿಸಿದ್ದೀರಿ. ಅಚ್ಚಗನ್ನಡದಲ್ಲಿ 'ಒಡಬಂದ ಗಾಳಿಸೋಸುಕ' ಮತ್ತು 'ಹೊರಗಿನ ಗಾಳಿಸೋಸುಕ' ಎಂದು ಬರೆಯಿರಿ.

ಎರಡನೆಯ ಉತ್ತರ

'ಗಾಳಿಸೋಸುಕ' ಕೊಡಿ ಎಂದರೆ ಬಿಡಿಭಾಗದ ಅಂಗಡಿಯವರು ಮುಖ ನೋಡಿಯಾರು. 'ಒಡಬಂದ' ಎಂಬುದೂ ನಿಲ್ಲುವುದಿಲ್ಲ, ಏಕೆಂದರೆ ಕಾರಿನ ಒಡನೆ ಬಂದ ಫಿಲ್ಟರನ್ನು ತೆಗೆದೆಸೆಯುವಾಗಲೇ ಈ ಪ್ರಶ್ನೆ ಹುಟ್ಟುವುದು.

ವ್ಯುತ್ಪತ್ತಿಗಿಂತ ಮೊದಲು ವಸ್ತುವನ್ನು ನೋಡೋಣ. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಮಾನ್ ಪ್ಲಸ್ ಹಮ್ಮೆಲ್, ಮಾಲೆ ಮೊದಲಾದ ಸಂಸ್ಥೆಗಳಿಂದ ಮಾಡಿಸಿಕೊಂಡು, ತಮ್ಮ ಹೆಸರೂ ಬಿಡಿಭಾಗದ ಸಂಖ್ಯೆಯೂ ಇರುವ ಪೆಟ್ಟಿಗೆಯಲ್ಲಿಟ್ಟು ಮಾರುತ್ತವೆ. ಆ ಸಂಸ್ಥೆಗಳು ತಮ್ಮದೇ ಪೆಟ್ಟಿಗೆಯಲ್ಲೂ ಫಿಲ್ಟರುಗಳನ್ನು ಮಾರುತ್ತವೆ. ಮಾಲೆ ಸಂಸ್ಥೆ ಆಫ್ಟರ್‌ಮಾರ್ಕೆಟ್ಟಿಗೆ ಬಿಡುವ ಪೆಟ್ಟಿಗೆಯ ಮೇಲಂತೂ 'ಮಾಲೆ ಒರಿಜಿನಲ್' ಎಂದೇ ಅಚ್ಚಾಗಿರುತ್ತದೆ! ಇವರಲ್ಲದೆ, ಯಾವ ಕಾರು ಕಂಪನಿಗೂ ಪೂರೈಸದೆ ಅಳತೆ ನೋಡಿಕೊಂಡು ಮಾಡಿ ಮಾರುವವರಿದ್ದಾರೆ. ಅವರ ಮಾಲಿನಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಕೊನೆಯದಾಗಿ, ಕಾರು ಕಂಪನಿಯ ಪೆಟ್ಟಿಗೆಯನ್ನೇ ಕಳ್ಳತನದಿಂದ ಅಚ್ಚು ಹಾಕಿಸಿ ಮಾರುವವರು.

'ಅಸಲಿ' ಕೂಡದೆಂದು ನಾನೂ ಹೇಳುತ್ತೇನೆ, ಆದರೆ ಅದು ಅರಬ್ಬಿಯೆಂಬ ಕಾರಣಕ್ಕಲ್ಲ. ಕನ್ನಡದ ಕಿವಿಗೆ 'ಅಸಲಿ'ಯ ಜೋಡಿ 'ನಕಲಿ'. ಒಂದನ್ನು ಅಸಲಿ ಎಂದು ಕರೆದ ಕೂಡಲೆ, ತನ್ನ ಹೆಸರನ್ನು ರಾಜಾರೋಷವಾಗಿ ಹಾಕಿಕೊಂಡು, ಬಿಲ್ಲು ಕೊಟ್ಟು ಮಾರುವ ಇನ್ನೊಂದು ಫಿಲ್ಟರಿನ ಮೇಲೆ ಮೋಸದ ಆರೋಪ ಬೀಳುತ್ತದೆ. ಹಾಗಾಗಿ 'ಕಾರು ಕಂಪನಿಯ ಫಿಲ್ಟರ್' ಮತ್ತು 'ಬೇರೆ ತಯಾರಕರ ಫಿಲ್ಟರ್' ಎಂದು ಬರೆದು, 'ನಕಲಿ'ಯನ್ನು ಕಳ್ಳ ಪೆಟ್ಟಿಗೆಯ ಮಾಲಿಗಷ್ಟೇ ಮೀಸಲಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಿಂತು 'ಕಂಪನಿದು ಕೊಡಿ' ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ.

ಕರಪತ್ರದ ಹೋಲಿಕೆಯೂ ಹೆಸರಿನಲ್ಲೇ ನಿಂತುಬಿಡಬಾರದು. ಏರ್ ಫಿಲ್ಟರುಗಳ ಪರೀಕ್ಷೆಗೆಂದೇ ಇರುವ ಐಎಸ್‌ಒ 5011 ಮಾನದಂಡವು ಎಷ್ಟು ದೂಳನ್ನು ತಡೆಯುತ್ತದೆ, ಗಾಳಿಯ ಹರಿವಿಗೆ ಎಷ್ಟು ಅಡ್ಡಿಯಾಗುತ್ತದೆ, ಕಟ್ಟಿಕೊಳ್ಳುವ ಮುನ್ನ ಎಷ್ಟು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಅಳೆಯುತ್ತದೆ. ಪೆಟ್ಟಿಗೆಯ ಮೇಲೆ ಯಾರ ಹೆಸರಿದೆ ಎಂಬುದನ್ನಲ್ಲ. ಬೇರೆ ತಯಾರಕರ ಅಗ್ಗದ ಫಿಲ್ಟರಿನಲ್ಲಿ ಮೊದಲು ನೋಡಬೇಕಾದದ್ದು ಅಂಚಿನ ಗ್ಯಾಸ್ಕೆಟ್ಟನ್ನು, ಎಂದರೆ ಸಂದಿಯನ್ನು ಮುಚ್ಚುವ ಪಟ್ಟಿಯನ್ನು. ಅದು ಫಿಲ್ಟರ್ ಕೂರುವ ಡಬ್ಬಿಯಲ್ಲಿ ಬಿಗಿಯಾಗಿ ಕೂರದಿದ್ದರೆ, ಒಳಗಿನ ಕಾಗದ ಎಷ್ಟೇ ಚೆನ್ನಾಗಿದ್ದರೂ ದೂಳು ತುಂಬಿದ ಗಾಳಿ ಪಕ್ಕದಿಂದ ನುಸುಳಿ ನೇರವಾಗಿ ಎಂಜಿನ್ನಿಗೆ ಹೋಗಿ, ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತದೆ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಬೇರೆಯೇ ಜಾತಿಯದು. ಅದನ್ನು 'ತೊಳೆದು ಬಳಸುವ ಫಿಲ್ಟರ್' ಎಂದು ಪ್ರತ್ಯೇಕವಾಗಿ ಬರೆದು, ಎಣ್ಣೆ ಹೆಚ್ಚಾದರೆ ಗಾಳಿಯ ಹರಿವನ್ನು ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳಬಹುದು ಎಂಬ ಎಚ್ಚರಿಕೆಯನ್ನೂ ಕೊಡಿ.

ಮೊದಲ ಉತ್ತರ ಬರೆದವರಿಂದ

'ಕಾರು', 'ಕಂಪನಿ', 'ಫಿಲ್ಟರ್' ಮೂರೂ ಇಂಗ್ಲಿಷು. 'ತಯಾರಕ' ಇನ್ನೂ ಕೆಟ್ಟದು: ಪಾರಸಿಯ ಮೂಲಕ ಬಂದ 'ತಯಾರ್'ಗೆ ಸಂಸ್ಕೃತದ 'ಅಕ' ಪ್ರತ್ಯಯವನ್ನು ಅಂಟಿಸಿದ ಕಸಿ. ಇಷ್ಟಕ್ಕೆ ಅನುವಾದವೇಕೆ? ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಲಿ.

ಎರಡನೆಯ ಉತ್ತರ ಬರೆದವರಿಂದ

ಕಚೇರಿ, ಜಮೀನು, ರಸೀದಿಗಳನ್ನು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಿಟ್ಟುಕೊಂಡ ಭಾಷೆ ಇದು. 'ತಯಾರಕ' ಕಸಿಯೇ ಇರಬಹುದು. ಓದಿದವರಿಗೆ ಅರ್ಥವಾಗುತ್ತದೆ, ವಿಭಕ್ತಿ ಪ್ರತ್ಯಯಗಳನ್ನು ತಕರಾರಿಲ್ಲದೆ ಹಚ್ಚಿಸಿಕೊಳ್ಳುತ್ತದೆ. ಎರವಲು ಪದ ಬೇಡವೆನ್ನುವವರು ಅದರ ಜಾಗದಲ್ಲಿ ಗ್ಯಾರೇಜಿನ ಹುಡುಗನ ಬಾಯಲ್ಲಿ ನಿಲ್ಲುವ ಪದವನ್ನು ಕೊಡಬೇಕು. 'ಒಡಬಂದ' ಅಂಥದ್ದಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಮುದ್ರಣಕ್ಕೆ ಹೋಗುತ್ತಿರುವ ಸಾಲು ಹೀಗಿದೆ: 'ಕಾರು ಕಂಪನಿಯ ಫಿಲ್ಟರ್ ಆಗಲಿ, ಬೇರೆ ತಯಾರಕರ ಫಿಲ್ಟರ್ ಆಗಲಿ, ನಿಮ್ಮ ಕಾರಿನ ಮಾದರಿಗೆ ಹೊಂದುವುದನ್ನೇ ಆರಿಸಿ, ಗ್ಯಾಸ್ಕೆಟ್ ಬಿಗಿಯಾಗಿ ಕೂತಿರುವುದನ್ನು ಕಣ್ಣಾರೆ ನೋಡಿ, ನಕಲಿ ಪೆಟ್ಟಿಗೆಗಳ ಬಗ್ಗೆ ಎಚ್ಚರವಿರಲಿ.' 'ಗ್ಯಾಸ್ಕೆಟ್' ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಅದರ ಚರ್ಚೆಯನ್ನು ಮುದ್ರಣ ಮುಗಿದ ಮೇಲೆ ಇಟ್ಟುಕೊಳ್ಳೋಣ.